ಬಟ್ಟೆ ಕ್ಲಿಪ್ಪಿನ ಕಾನೂನು: ಜಕ್ಕೂರು, ಸಂಜಯನಗರ ಮತ್ತು ಆಟದ ವಿಮಾನಗಳು

ಬೆಂಗಳೂರಿಗೆ ಬಂದಾಗಲೆಲ್ಲ ನಾನು ಉಳಿದುಕೊಳ್ಳುವುದು ಸಂಜಯನಗರದ ಅಕ್ಕನ ಮನೆಯಲ್ಲಿ. ಬರುವುದು ತಿಂಗಳಿಗೊಮ್ಮೆ, ಬಹುತೇಕ ಬಾಕಿ ಬಿಲ್ಲಿನ ವಿಚಾರಕ್ಕೆ. ಈ ಬ್ಲಾಗಿನಲ್ಲಿ ಬರೆಯುವ ಗೆಳೆಯರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋದ ಸಲ ಹೋದಾಗ ಅಕ್ಕನ ಮಗ, ಪಿಯುಸಿ ಓದುವ ಹುಡುಗ, ಅಡುಗೆಮನೆಯ ತೂಕದ ಯಂತ್ರವನ್ನು ಹಾಲಿಗೆ ತಂದಿಟ್ಟುಕೊಂಡು ಕೂತಿದ್ದ. ಅದರ ಮೇಲೆ ಒಂದು ವಿಮಾನ. ಚುನಾವಣೆ ಬೋರ್ಡಿಗೆ ಬಳಸುವ ಸನ್‌ಪ್ಯಾಕ್ ಶೀಟ್ ಕತ್ತರಿಸಿ ಮಾಡಿದ ರೆಕ್ಕೆ, ಎಸ್.ಪಿ. ರಸ್ತೆಯಿಂದ ತಂದ ಮೋಟರು, ಬ್ಯಾಟರಿ. ಎಲ್ಲ ಸೇರಿ 640 ಗ್ರಾಂ.

'ಮಾಮ, ಗ್ರೌಂಡಿಗೆ ಬರ್ತೀಯಾ?' ಅಂದ. ಮೆಟ್ಟಿಲಿಳಿಯುವಾಗ ಕೆಳಗಿನ ಮನೆ ಓನರ್ ಅಂಕಲ್ ಅಡ್ಡ ಸಿಕ್ಕರು. ಎಪ್ಪತ್ತು ದಾಟಿದವರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ವಿಮಾನವನ್ನು ಕೈಗೆ ತಗೊಂಡು, ಪ್ರೊಪೆಲ್ಲರಿಗೆ ಬೆರಳು ತಾಗದ ಹಾಗೆ ಹಿಂದಿನಿಂದ ಹಿಡಿದು, ಬಾಲ ನೋಡಿ, ತಲೆ ನೋಡಿ ಕೇಳಿದರು: 'ಚೆನ್ನಾಗಿದೆಯಪ್ಪಾ. ಯಾರ ಮೇಲಾದ್ರೂ ಬಿದ್ರೆ ದುಡ್ಡು ಕೊಡೋರು ಯಾರು?'

ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಅದರ ಕಾರಣ ಆಮೇಲೆ ಹೇಳುತ್ತೇನೆ.

ಅವರು ಆ ವಿಮಾನವನ್ನು ಹಿಡಿದ ರೀತಿಯಲ್ಲೇ ಗೊತ್ತಾಗಿತ್ತು, ಹಳೇ ಕೈ ಎಂದು. ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದರಂತೆ, ಜಕ್ಕೂರಿನಲ್ಲಿ ಮಾದರಿ ವಿಮಾನ ಹಾರಿಸಿದ್ದರಂತೆ. ಈ ಲೇಖನ ಹುಟ್ಟಿದ್ದು ಅವರ ಜಗಲಿಯಲ್ಲಿ.

ಬೆಂಗಳೂರಿನ ಉತ್ತರ ಭಾಗಕ್ಕೂ ವಿಮಾನಕ್ಕೂ ಇರುವ ನಂಟು ಹಳೆಯದು. ಊರಿನ ಇನ್ನೊಂದು ತುದಿಯಲ್ಲಿ 1940ರಲ್ಲಿ ಎಚ್‌ಎಎಲ್ ಶುರುವಾಯಿತು. ಯಶವಂತಪುರದ ಹತ್ತಿರವೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಬಂತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಸ್ಥಾಪನೆಯಾಯಿತು. ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅದಕ್ಕಾಗಿ ಕೊಟ್ಟ ಜಾಗ ಇನ್ನೂರು ಎಕರೆಗೂ ಮಿಕ್ಕಿದ್ದು. ಯಲಹಂಕದಲ್ಲಿ ವಾಯುಪಡೆಯ ನೆಲೆ, ಹೆಬ್ಬಾಳದ ಕಡೆ ವಾಯುಪಡೆಯ ತರಬೇತಿ ಕಮಾಂಡ್, ಸಂಜಯನಗರದ ಮಗ್ಗುಲಲ್ಲೇ ನ್ಯೂ ಬಿಇಎಲ್ ರಸ್ತೆಯಲ್ಲಿ ಇಸ್ರೋ ಮುಖ್ಯ ಕಚೇರಿ. ಇಲ್ಲಿ ಬೆಳೆಯುವ ಮಗು ತಲೆ ಎತ್ತಿದರೆ ಏನೋ ಒಂದು ಹಾರುತ್ತಿರುತ್ತದೆ, ಕೊನೆಗೆ ಹದ್ದಾದರೂ.

ಇಂಥ ಜಾಗದಲ್ಲಿ ಮಾದರಿ ವಿಮಾನದ ಗೀಳು ಹತ್ತುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ನಮ್ಮಲ್ಲಿ ಅದು ಕ್ಲಬ್ಬಿನಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಎನ್‌ಸಿಸಿಯಿಂದ ಹರಡಿತು. ಏರ್ ವಿಂಗ್ ಶುರುವಾದದ್ದು 1950ರಲ್ಲಿ, ಏರೋಮಾಡೆಲಿಂಗ್ ಅದರ ಪಠ್ಯದ ಭಾಗ. ಅಖಿಲ ಭಾರತ ವಾಯು ಸೈನಿಕ ಶಿಬಿರ ಎಷ್ಟೋ ವರ್ಷ ಜಕ್ಕೂರಿನಲ್ಲೇ ನಡೆಯುತ್ತಿತ್ತು. ಬೇರೆ ಬೇರೆ ರಾಜ್ಯದ ಹುಡುಗ ಹುಡುಗಿಯರು ಮರದ ಪೆಟ್ಟಿಗೆಯಲ್ಲಿ ತಮ್ಮ ವಿಮಾನ ತುಂಬಿಕೊಂಡು ರೈಲಿನಲ್ಲಿ ಬರುತ್ತಿದ್ದರು.

ಆಗಿನದು ಹೆಚ್ಚಾಗಿ 'ಕಂಟ್ರೋಲ್ ಲೈನ್'. ರೇಡಿಯೋ ಇಲ್ಲ. ಹಾರಿಸುವವನು ಮಧ್ಯೆ ನಿಂತು ಕೈಯಲ್ಲಿ ಹಿಡಿ ಹಿಡಿದಿರುತ್ತಾನೆ, ಅದರಿಂದ ಎರಡು ಸಣ್ಣ ಉಕ್ಕಿನ ತಂತಿಗಳು ವಿಮಾನದ ರೆಕ್ಕೆಗೆ ಹೋಗಿರುತ್ತವೆ. ವಿಮಾನ ಅವನ ಸುತ್ತ ಗಾಣದ ಎತ್ತಿನ ಹಾಗೆ ತಿರುಗುತ್ತದೆ. ಹಿಡಿ ಮೇಲೆ ಕೆಳಗೆ ಬಾಗಿಸಿದರೆ ವಿಮಾನ ಏರುತ್ತದೆ, ಇಳಿಯುತ್ತದೆ. ಎಂಜಿನ್ ಪುಟಾಣಿ ಡೀಸೆಲ್, ಕಲ್ಕತ್ತಾದಲ್ಲಿ ತಯಾರಾಗುತ್ತಿದ್ದ ಅರೋರಾ ಹೆಸರಿನದು. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದ ಇಂಧನ. 'ಆ ವಾಸನೆ ಮೂರು ದಿನ ಕೈಯಿಂದ ಹೋಗ್ತಿರಲಿಲ್ಲ. ನಮ್ಮಮ್ಮ ಊಟಕ್ಕೆ ಬೇರೆ ಕೂರಿಸ್ತಿದ್ರು' ಅಂದರು ಅಂಕಲ್.

ಸುರಕ್ಷತೆಯ ವಿಷಯಕ್ಕೆ ಬಂದರೆ, ಕಂಟ್ರೋಲ್ ಲೈನ್‌ಗೆ ಒಂದು ದೊಡ್ಡ ಗುಣವಿತ್ತು. ವಿಮಾನ ಎಲ್ಲಿ ಹೋಗಬಹುದು ಎನ್ನುವುದನ್ನು ತಂತಿಯ ಉದ್ದವೇ ತೀರ್ಮಾನಿಸುತ್ತಿತ್ತು. ಹದಿನೈದಿಪ್ಪತ್ತು ಮೀಟರಿನ ವೃತ್ತ. ಸುಣ್ಣದಲ್ಲಿ ಗೆರೆ ಎಳೆದು, ಅದರಾಚೆ ಎಲ್ಲರನ್ನೂ ನಿಲ್ಲಿಸಿದರೆ ಅರ್ಧ ಕೆಲಸ ಆಯಿತು. ಉಳಿದರ್ಧ: ಹಿಡಿಗೆ ಕಟ್ಟಿದ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಕು, ಕೈ ಜಾರಿದರೂ ವಿಮಾನ ಬಿಟ್ಟು ಹೋಗಬಾರದು. ಹಾರಿಸುವ ಮುಂಚೆ ಒಬ್ಬ ವಿಮಾನ ಹಿಡಿದುಕೊಂಡು ಇನ್ನೊಬ್ಬ ಹಿಡಿ ಜಗ್ಗಿ ತಂತಿಯ ಬಲ ನೋಡಬೇಕು. ಹತ್ತಿರದಲ್ಲಿ ಕರೆಂಟಿನ ಲೈನ್ ಇದ್ದರೆ ಹಾರಿಸಲೇಬಾರದು, ಏಕೆಂದರೆ ಕೈಯಲ್ಲಿರುವುದು ಉಕ್ಕಿನ ತಂತಿ. ಹೊರದೇಶಗಳಲ್ಲಿ ಹೀಗೆ ಸತ್ತವರಿದ್ದಾರೆ. ಗಾಳಿಪಟದ ದಾರ ಕರೆಂಟಿಗೆ ತಾಗಿದರೆ ಏನಾಗುತ್ತದೆಂದು ನಮ್ಮೂರುಗಳಲ್ಲಿ ವರದಿ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಇವೆಲ್ಲ ಹುಡುಗರ ಕಿವಿಗೆ ಬಿದ್ದದ್ದು ಕಾಯ್ದೆ ಪುಸ್ತಕದಿಂದಲ್ಲ, ಉಸ್ತಾದನ ಬೈಗುಳದಿಂದ. ಇನ್ಶೂರೆನ್ಸ್ ಮಾತು ಯಾರೂ ಎತ್ತುತ್ತಿರಲಿಲ್ಲ. ಮೈದಾನ ಸರ್ಕಾರದ್ದು, ವಿಮಾನ ಎನ್‌ಸಿಸಿಯದು, ಹುಡುಗ ಸಮವಸ್ತ್ರದಲ್ಲಿದ್ದಾನೆ. ಏನಾದರೂ ಆದರೆ ಸರ್ಕಾರ ಇದೆ ಎಂಬ ನಂಬಿಕೆ. ನನಗನ್ನಿಸುವುದು, ನಮ್ಮ ಹವ್ಯಾಸದ ಬಲವೂ ಬಲಹೀನತೆಯೂ ಇಲ್ಲೇ ಇತ್ತು. ಸ್ವಂತ ಖರ್ಚಿನಲ್ಲಿ ಹಾರಿಸುವವರು ಸ್ವಂತ ಜವಾಬ್ದಾರಿಗೆ ಒಂದು ಸಂಸ್ಥೆ ಕಟ್ಟಿಕೊಳ್ಳುವ ಒತ್ತಾಯ ಬರಲೇ ಇಲ್ಲ.

ಬೇರೆ ಕಡೆ ಬಂತು. ಬ್ರಿಟನ್ನಿನಲ್ಲಿ ಮಾದರಿ ವಿಮಾನದವರ ಸಂಘ ಹುಟ್ಟಿದ್ದು 1922ರಲ್ಲಿ, ಅಮೆರಿಕದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ 1936ರಲ್ಲಿ. ಇವೆರಡೂ ಬೆಳೆದದ್ದು ಸ್ಪರ್ಧೆಗಳಿಂದ ಮಾತ್ರ ಅಲ್ಲ, ವಿಮೆಯಿಂದ. ಲೆಕ್ಕ ಸರಳ: ರೈತನೊಬ್ಬ ತನ್ನ ಹೊಲವನ್ನು ಭಾನುವಾರ ವಿಮಾನ ಹಾರಿಸಲು ಬಿಡಬೇಕು. ಅವನು ಕೇಳುವುದು ಒಂದೇ, 'ನನ್ನ ಹಸುವಿಗೋ ಪಕ್ಕದವನ ಕಾರಿಗೋ ಬಡಿದರೆ?' ಸಂಘದ ಸದಸ್ಯತ್ವದ ಜೊತೆಗೇ ವಿಮೆ ಬಂದರೆ ಅವನಿಗೆ ಉತ್ತರ ಸಿಗುತ್ತದೆ, ಹಾರಿಸುವವನಿಗೆ ಮೈದಾನ ಸಿಗುತ್ತದೆ. ಅಮೆರಿಕದ ಸಂಘ ಸದಸ್ಯರಿಗೆ ಕೊಡುವ ಹೊಣೆಗಾರಿಕೆ ವಿಮೆ 25 ಲಕ್ಷ ಡಾಲರಿನದು, ಬ್ರಿಟನ್ನಿನದು 2.5 ಕೋಟಿ ಪೌಂಡಿನದು. ಸುರಕ್ಷತೆಯ ನಿಯಮ ಮುರಿದು ಹಾರಿಸಿದವನಿಗೆ ವಿಮೆ ಕೈಕೊಡಬಹುದು ಎಂಬ ಭಯವೇ ಪೊಲೀಸಿನವನ ಕೆಲಸ ಮಾಡಿತು.

ಅಮೆರಿಕದ ಸರ್ಕಾರ 1981ರ ಜೂನ್‌ನಲ್ಲಿ ಮಾದರಿ ವಿಮಾನದ ಬಗ್ಗೆ ಒಂದು ಸಲಹಾ ಸುತ್ತೋಲೆ ಹೊರಡಿಸಿತು. ಸಣ್ಣ ಕಾಗದ. ನೆಲದಿಂದ 400 ಅಡಿ ಮೀರಬೇಡಿ, ವಿಮಾನ ನಿಲ್ದಾಣದಿಂದ 3 ಮೈಲಿಯ ಒಳಗಿದ್ದರೆ ಅವರಿಗೆ ಹೇಳಿ ಹಾರಿಸಿ, ದೊಡ್ಡ ವಿಮಾನ ಬಂದರೆ ದಾರಿ ಬಿಡಿ, ಇಷ್ಟೇ. ಪಾಲಿಸುವುದು ನಿಮ್ಮಿಷ್ಟಕ್ಕೆ ಬಿಟ್ಟದ್ದು. ಮೂವತ್ತು ವರ್ಷ ಅದೇ ನಡೆಯಿತು. 2012ರಲ್ಲಿ ಅಲ್ಲಿನ ಸಂಸತ್ತು, ಸಂಘದ ನಿಯಮದಂತೆ ಹಾರಿಸುವವರ ಮೇಲೆ ಹೊಸ ಕಟ್ಟಳೆ ಹೇರಬೇಡಿ ಎಂದು ಕಾನೂನನ್ನೇ ಮಾಡಿತು. ಅಂಗಡಿಯಿಂದ ಡ್ರೋನ್ ತಂದು ಯಾವ ಸಂಘದ ಗೊಡವೆಯೂ ಇಲ್ಲದೆ ಹಾರಿಸುವವರು ಹೆಚ್ಚಾದ ಮೇಲೆ, 2018ರಲ್ಲಿ, ಆ ರಿಯಾಯಿತಿಯನ್ನು ತೆಗೆದುಹಾಕಿತು.

ಹಾಗೆಂದು ಸಂಘ ಇದ್ದಲ್ಲಿ ಅನಾಹುತ ಆಗಿಲ್ಲ ಎಂದಲ್ಲ. 2003ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಮಾದರಿ ವಿಮಾನ ಬಡಿದು ಹದಿಮೂರರ ಹುಡುಗಿ ತೀರಿಕೊಂಡಳು. 2013ರಲ್ಲಿ ನ್ಯೂಯಾರ್ಕಿನ ಪಾರ್ಕೊಂದರಲ್ಲಿ ಹತ್ತೊಂಬತ್ತರ ಯುವಕ ತನ್ನದೇ ರಿಮೋಟ್ ಹೆಲಿಕಾಪ್ಟರ್ ಬಡಿದು ಸತ್ತ. ಆಟಿಕೆ ಅನ್ನುವ ಪದ ಮೋಸ ಮಾಡುತ್ತದೆ. ಒಳ್ಳೆಯ ವೇಗದ ಬೌಲರ್ ಎಸೆದ ಕ್ರಿಕೆಟ್ ಚೆಂಡಿನಲ್ಲಿ ಸುಮಾರು 100 ಜೌಲ್ ಶಕ್ತಿ ಇರುತ್ತದೆ. 2 ಕೆ.ಜಿ. ತೂಕದ ಮಾದರಿ ವಿಮಾನ ಗಂಟೆಗೆ 72 ಕಿ.ಮೀ. ವೇಗದಲ್ಲಿ ಬಂದರೆ 400 ಜೌಲ್. ಅದರ ಮೂತಿಯಲ್ಲಿ ತಿರುಗುವ ಬ್ಲೇಡ್ ಬೇರೆ.

ಈಗ ಬಟ್ಟೆ ಕ್ಲಿಪ್ಪಿಗೆ ಬರೋಣ.

ತಂತಿ ಹೋಗಿ ರೇಡಿಯೋ ಬಂದಾಗ ಸುಣ್ಣದ ಗೆರೆಗೆ ಅರ್ಥ ಉಳಿಯಲಿಲ್ಲ. ವಿಮಾನ ಎಲ್ಲಿ ಬೇಕಾದರೂ ಹೋಗಬಹುದು. ಭಾರತದಲ್ಲಿ ರೇಡಿಯೋ ಎಂದರೆ 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ, ಲೈಸೆನ್ಸು. ಜೊತೆಗೆ ರಿಮೋಟ್ ಸೆಟ್ಟಿನ ಬೆಲೆ. ಹಾಗಾಗಿ ಹಾರಿಸುವವರು ಕಡಿಮೆ, ಒಬ್ಬರಿಗೊಬ್ಬರು ಪರಿಚಯ. ಹಳೆಯ ಸೆಟ್ಟುಗಳಲ್ಲಿ ಒಂದು ತೊಡಕಿತ್ತು: ಒಂದೇ ತರಂಗಾಂತರದಲ್ಲಿ ಇಬ್ಬರು ಸ್ವಿಚ್ ಹಾಕಿದರೆ ಮೇಲಿರುವ ವಿಮಾನ ಯಾರ ಮಾತೂ ಕೇಳದೆ ಬೀಳುತ್ತದೆ. ನೀವು ಹಾರಿಸುತ್ತಿದ್ದೀರಿ, ನಿಮ್ಮ ಹಿಂದೆ ಕಾರಿನ ಡಿಕ್ಕಿಯ ಹತ್ತಿರ ಯಾರೋ ತನ್ನ ಸೆಟ್ಟನ್ನು ಸುಮ್ಮನೆ ಪರೀಕ್ಷೆ ಮಾಡಲು ಆನ್ ಮಾಡುತ್ತಾನೆ. ಅಷ್ಟೇ ಸಾಕು.

ಇದಕ್ಕೆ ಜಗತ್ತಿನಾದ್ಯಂತ ಮಾದರಿ ವಿಮಾನದವರು ಕಂಡುಕೊಂಡ ಪರಿಹಾರ ಒಂದು ಹಲಗೆ ಮತ್ತು ಕೆಲವು ಬಟ್ಟೆ ಕ್ಲಿಪ್. ಪ್ರತಿ ಚಾನೆಲ್ಲಿಗೆ ಒಂದೇ ಕ್ಲಿಪ್, ಅದರ ಮೇಲೆ ನಂಬರು. ಆ ಕ್ಲಿಪ್ ನಿಮ್ಮ ಏರಿಯಲ್ ಮೇಲೆ ಇದ್ದರೆ ಮಾತ್ರ ನೀವು ಸ್ವಿಚ್ ಹಾಕಬಹುದು. ಹಾರಿಸಿ ಇಳಿಸಿದ ಮೇಲೆ ಹಲಗೆಗೆ ವಾಪಸ್. ಹಲಗೆಯಲ್ಲಿ ಕ್ಲಿಪ್ ಇಲ್ಲದಿದ್ದರೆ ಯಾರ ಹತ್ತಿರ ಇದೆ ಎಂದು ಹುಡುಕಿ, ಮಾತಾಡಿ, ಕಾಯಬೇಕು. ಇಡೀ ಕಾನೂನು ಅಷ್ಟೇ. ಇನ್ಸ್‌ಪೆಕ್ಟರ್ ಬೇಡ, ದಂಡ ಬೇಡ. ಕ್ಲಿಪ್ ಇಲ್ಲದೆ ಸ್ವಿಚ್ ಹಾಕಿ ಇನ್ನೊಬ್ಬನ ಮೂರು ತಿಂಗಳ ದುಡಿಮೆಯನ್ನು ಮಣ್ಣುಪಾಲು ಮಾಡಿದವನು ಮರುವಾರ ಅಲ್ಲಿ ಮುಖ ತೋರಿಸುವಂತಿರಲಿಲ್ಲ.

ಜೊತೆಗೆ ಇನ್ನೂ ಕೆಲವು ವಾಡಿಕೆಗಳು. ಹಾರಿಸುವವರೆಲ್ಲ ಒಂದು ಗೆರೆಯಲ್ಲಿ ನಿಲ್ಲಬೇಕು, ನೋಡುವವರು ಅವರ ಹಿಂದೆ, ವಿಮಾನ ಎಂದೂ ತಲೆಯ ಹಿಂದಕ್ಕೆ ಬರಬಾರದು. ಹಾರಿಸುವ ಮುಂಚೆ ಏರಿಯಲ್ ಮಡಚಿ ಸೆಟ್ ಹಿಡಿದು ಮೂವತ್ತು ಹೆಜ್ಜೆ ದೂರ ನಡೆದು, ಅಲ್ಲಿಂದಲೂ ವಿಮಾನ ಮಾತು ಕೇಳುತ್ತದೆಯೇ ನೋಡಬೇಕು. ಎಂಜಿನ್ ನಿಂತರೆ 'ಡೆಡ್ ಸ್ಟಿಕ್' ಎಂದು ಜೋರಾಗಿ ಕೂಗಬೇಕು, ಉಳಿದವರು ದಾರಿ ಬಿಡಬೇಕು.

2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡವೆಂದಿತು. ನಮ್ಮ ಮನೆಯ ವೈಫೈ ಬಂದ ದಾರಿ ಅದೇ. ಕೆಲವೇ ವರ್ಷಗಳಲ್ಲಿ ಮಾದರಿ ವಿಮಾನದ ರಿಮೋಟುಗಳೂ ಆ ಪಟ್ಟಿಗೆ ಬಂದವು. ಹೊಸ ಸೆಟ್ಟು ಮತ್ತು ವಿಮಾನ ಮೊದಲೇ ಜೋಡಿಯಾಗಿರುತ್ತವೆ, ಪಕ್ಕದವನು ಸ್ವಿಚ್ ಹಾಕಿದರೆ ಏನೂ ಆಗುವುದಿಲ್ಲ. ಸಿಗ್ನಲ್ ತಪ್ಪಿದರೆ ತಾನಾಗಿಯೇ ಮೋಟರ್ ಆಫ್ ಆಗುವಂತೆ ಇಡಬಹುದು. ಸುರಕ್ಷತೆಯ ದೃಷ್ಟಿಯಿಂದ ಬಹಳ ದೊಡ್ಡ ಹೆಜ್ಜೆ, ಸಂದೇಹವಿಲ್ಲ. ಆದರೆ ಕ್ಲಿಪ್ ಹಲಗೆ ಬೇಡವಾಯಿತು, ಅದರ ಜೊತೆಗೆ ಪಕ್ಕದವನನ್ನು ಮಾತಾಡಿಸುವ ಅಗತ್ಯವೂ. ಒಬ್ಬನೇ ಟೆರೇಸಿಗೆ ಹೋಗಿ ಹಾರಿಸಬಹುದು ಎಂದಾದದ್ದು ಆಗ. ಎಸ್.ಪಿ. ರಸ್ತೆಯ ಹುಡುಗರಿಗೆ ಉಸ್ತಾದ ಇಲ್ಲ, ಯೂಟ್ಯೂಬ್ ಇದೆ. ಅದು ಕಟ್ಟುವುದನ್ನು ಚೆನ್ನಾಗಿ ಕಲಿಸುತ್ತದೆ, ಬೈಯುವುದಿಲ್ಲ.

ಹೀಗೆ ಗುಂಪು ಚದುರಿದ ಹೊತ್ತಿಗೇ ಡ್ರೋನ್ ಬಂತು, ಸರ್ಕಾರ ಎಚ್ಚೆತ್ತಿತು. 2014ರ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ, ನಿಯಮ ಬರುವವರೆಗೆ ಸರ್ಕಾರೇತರರು ಯಾರೂ ಮಾನವರಹಿತ ವಿಮಾನ ಹಾರಿಸಬಾರದೆಂದಿತು. ನಿಯಮ ಜಾರಿಗೆ ಬಂದದ್ದು 2018ರ ಡಿಸೆಂಬರ್ 1ಕ್ಕೆ. ನಾಲ್ಕು ವರ್ಷ ಬಾಲ್ಸಾ ಮರದ ಗ್ಲೈಡರ್ ಮಾಡುವ ಹವ್ಯಾಸಿಯೂ ಕ್ಯಾಮೆರಾ ಡ್ರೋನಿನವನೂ ಒಂದೇ ನಿಷೇಧದ ನೆರಳಿನಲ್ಲಿ. 2021ರ ಮಾರ್ಚ್‌ನಲ್ಲಿ ಮತ್ತೊಂದು ನಿಯಮಾವಳಿ, ತುಂಬಾ ಬಿಗಿ ಎಂದು ಗಲಾಟೆಯಾಗಿ ಅದೇ ವರ್ಷ ಆಗಸ್ಟ್ 25ಕ್ಕೆ ಡ್ರೋನ್ ನಿಯಮಗಳು, 2021.

ಈ ಕೊನೆಯದರಲ್ಲಿ ಮಾದರಿ ವಿಮಾನಕ್ಕೆ ಒಂದು ಸ್ಪಷ್ಟ ಸ್ಥಾನ ಸಿಕ್ಕಿತು: 25 ಕೆ.ಜಿ. ಮೀರದ, ಕಲಿಕೆ, ಸಂಶೋಧನೆ ಅಥವಾ ಮನರಂಜನೆಗೆ ಮಾತ್ರ ಬಳಸುವ, ಕಣ್ಣಳತೆಯಲ್ಲಿ ಹಾರಿಸುವ ವಿಮಾನ. ಅದಕ್ಕೆ ಮಾದರಿ ಪ್ರಮಾಣಪತ್ರ ಬೇಡ. 2 ಕೆ.ಜಿ.ವರೆಗೆ ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರವೂ ಬೇಡ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಇಲ್ಲದೆ ಹಾರಿಸಬಹುದು. 1981ರ ಆ ಸಣ್ಣ ಅಮೆರಿಕನ್ ಕಾಗದದಲ್ಲಿದ್ದ ಅದೇ 400 ಅಡಿ ನೋಡಿ.

ವಿಮೆಗೆ 44ನೇ ನಿಯಮ. ಅದು ಹೇಳುವುದಿಷ್ಟು: ಥರ್ಡ್ ಪಾರ್ಟಿ ವಿಮೆ ಮತ್ತು ಪರಿಹಾರದ ವಿಷಯದಲ್ಲಿ 1988ರ ಮೋಟಾರು ವಾಹನ ಕಾಯ್ದೆಯನ್ನು ಯಥೋಚಿತ ಬದಲಾವಣೆಯೊಂದಿಗೆ ಅನ್ವಯಿಸಬೇಕು. 250 ಗ್ರಾಂ ಮೀರದ ನ್ಯಾನೋಗಳಿಗೆ ಮಾತ್ರ ವಿನಾಯಿತಿ. ಅಂದರೆ ಅಕ್ಕನ ಮಗನ 640 ಗ್ರಾಂ ಸನ್‌ಪ್ಯಾಕ್ ವಿಮಾನ, ಈ ಮಟ್ಟಿಗೆ, ಕೆಎಸ್‌ಆರ್‌ಟಿಸಿ ಬಸ್ಸಿನ ಸಾಲಿನಲ್ಲಿ ನಿಂತಿದೆ. ಬಸ್ಸಿಗೆ ಆರ್‌ಟಿಒ ನಂಬರ್ ಇದೆ, ಪ್ರತಿ ಕಂಪನಿಯಲ್ಲೂ ಪಾಲಿಸಿ ಇದೆ, ಅಪಘಾತವಾದರೆ ಎಲ್ಲಿಗೆ ಹೋಗಬೇಕೆಂದು ಹಳ್ಳಿಯವರಿಗೂ ಗೊತ್ತು. ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೊಡುವ 164ನೇ ಸೆಕ್ಷನ್ ಅಲ್ಲಿದೆ. ಇಷ್ಟು ದೊಡ್ಡ ಮರವನ್ನು ತಂದು ಒಂದು ಕುಂಡದಲ್ಲಿ ನೆಟ್ಟಂತಾಗಿದೆ. ಉದ್ದೇಶ ಸರಿ: ಬಿದ್ದವನ ಹವ್ಯಾಸಕ್ಕಿಂತ ಯಾರ ಮೇಲೆ ಬಿತ್ತೋ ಅವರ ಆಸ್ಪತ್ರೆ ಖರ್ಚು ದೊಡ್ಡದು. ಆದರೆ ಸಂಘದ ಚೀಟಿಯ ಜೊತೆ ಬರುವ ವಿಮೆಗೂ, ಒಬ್ಬೊಬ್ಬ ಹುಡುಗ ತಾನೇ ಹೋಗಿ ಕೊಳ್ಳಬೇಕಾದ ವಿಮೆಗೂ ವ್ಯತ್ಯಾಸವಿದೆ. ಮೊದಲನೆಯದು ಅವನನ್ನು ಬೈಯುವವರ ಹತ್ತಿರ ಕರೆತರುತ್ತದೆ.

ನನಗೇಕೆ ನಗು ಬರಲಿಲ್ಲ ಎಂದು ಹೇಳುತ್ತೇನೆಂದಿದ್ದೆ. ನಮ್ಮ ಕಡೆಯ ಒಂದು ಊರಿನ ಜಾತ್ರೆ. ತೇರನ್ನು ಮೇಲಿಂದ ತೋರಿಸಿದರೆ ವಿಡಿಯೋಗೆ ಬೆಲೆ ಎಂದು ಮದುವೆ ಶೂಟಿಂಗ್ ಮಾಡುವ ಹುಡುಗನ ಡ್ರೋನ್ ಬಾಡಿಗೆಗೆ ಕರೆದೆ. 'ಇನ್ಶೂರೆನ್ಸ್ ಇದೆಯೇನೋ?' ಎಂದು ಕೇಳಿದ್ದೆ ಕೂಡ. 'ಇದೆ ಅಣ್ಣಾ' ಅಂದ. ಬಾವುಟದ ದಾರಕ್ಕೆ ಸಿಕ್ಕಿ ಅದು ಬಿದ್ದದ್ದು ಕಡಲೆಪುರಿ ಮಾರುತ್ತಿದ್ದ ಹೆಂಗಸಿನ ತೋಳಿನ ಮೇಲೆ. ನಾಲ್ಕು ಹೊಲಿಗೆ. ಊರ ಹಿರಿಯರು ದೇವಸ್ಥಾನದ ಕಟ್ಟೆ ಮೇಲೆ ಕೂತು ಆಸ್ಪತ್ರೆ ಖರ್ಚು ಮತ್ತು ಎರಡು ದಿನದ ವ್ಯಾಪಾರ ಲೆಕ್ಕ ಹಾಕಿದರು. ನಾವಿಬ್ಬರೂ ಅರ್ಧರ್ಧ ಕೊಟ್ಟೆವು. ವಾಪಸ್ ಬರುವಾಗ ಕೇಳಿದೆ, 'ಇನ್ಶೂರೆನ್ಸ್ ಇದೆ ಅಂದಿದ್ದಲ್ಲೋ?' 'ಅದು ಡ್ರೋನಿಗೆ ಅಣ್ಣಾ, ಜನಕ್ಕಲ್ಲ' ಅಂದ. ಅವನು ಸುಳ್ಳು ಹೇಳಿರಲಿಲ್ಲ, ನಾನು ಸರಿಯಾಗಿ ಕೇಳಿರಲಿಲ್ಲ. ಆ ಅಮ್ಮ ಒಳ್ಳೆಯವರು, ಊರವರು ನ್ಯಾಯವಾಗಿ ಲೆಕ್ಕ ಹಾಕಿದರು. ಗಾಯ ಕಣ್ಣಿಗೆ ಆಗಿದ್ದರೆ ಕಟ್ಟೆಯ ಮೇಲೆ ಮುಗಿಯುವ ಲೆಕ್ಕವಾಗಿರಲಿಲ್ಲ.

ಸಂಜಯನಗರಕ್ಕೆ ಇನ್ನೊಂದು ಫಜೀತಿ ಇದೆ. ಹಕ್ಕಿ ಹಾರುವ ನೇರದಲ್ಲಿ ಜಕ್ಕೂರು ಇಲ್ಲಿಂದ ಐದಾರು ಕಿ.ಮೀ. ಮಾತ್ರ. ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ಒಳಗೆ ಹಸಿರು ವಲಯವೇ ಇಲ್ಲ, 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ ಮಾತ್ರ ಹಸಿರು. ಹಳದಿಯಲ್ಲಿ ಹಾರಿಸಲು ವಾಯು ಸಂಚಾರ ನಿಯಂತ್ರಣದವರ ಒಪ್ಪಿಗೆ ಬೇಕು. ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಅಂದರೆ ಈ ಬಡಾವಣೆಯ ಮಕ್ಕಳಿಗೆ ವಿಮಾನದ ಹುಚ್ಚು ಹಿಡಿಸಿದ ಜಕ್ಕೂರೇ ಅವರು ಇಲ್ಲಿ ಹಾರಿಸದಂತೆ ತಡೆಯುವುದೂ.

ಅದು ಅನ್ಯಾಯ ಎಂದು ನಾನು ಹೇಳಲಾರೆ. 1996ರಿಂದ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುತ್ತಿದೆ. ಆ ದಿನಗಳಲ್ಲಿ ನೆಲೆಯ ಸುತ್ತ ಮಾಂಸದಂಗಡಿಗಳನ್ನೇ ಮುಚ್ಚಿಸುತ್ತಾರೆ, 2023ರಲ್ಲಿ 10 ಕಿ.ಮೀ., 2025ರಲ್ಲಿ 13 ಕಿ.ಮೀ. ಸುತ್ತಳತೆಯಲ್ಲಿ. ತ್ಯಾಜ್ಯಕ್ಕೆ ಹದ್ದು ಬರುತ್ತದೆ, ಹದ್ದು ಎಂಜಿನ್ನಿಗೆ ಬಡಿಯುತ್ತದೆ. ಹದ್ದಿಗೇ ಇಷ್ಟು ಹೆದರುವಾಗ 640 ಗ್ರಾಂ ಬ್ಯಾಟರಿ ಮೋಟರಿಗೆ ಹೆದರಬಾರದೇ? 2019ರ ಫೆಬ್ರವರಿ 19ರಂದು ಅಭ್ಯಾಸದ ವೇಳೆ ಸೂರ್ಯಕಿರಣ ತಂಡದ ಎರಡು ವಿಮಾನ ಡಿಕ್ಕಿಯಾಗಿ ಒಬ್ಬ ಪೈಲಟ್ ಪ್ರಾಣ ಬಿಟ್ಟರು, ಅವಶೇಷಗಳು ಬಿದ್ದದ್ದು ವಸತಿ ಪ್ರದೇಶದ ಹತ್ತಿರ. ಈ ಆಕಾಶದ ಕೆಳಗೆ ಎಲ್ಲೆಲ್ಲೂ ಮನೆಗಳಿವೆ.

ಹಾಗಾಗಿ ಹವ್ಯಾಸಿಗಳು ಊರಾಚೆ ಹೋಗುತ್ತಾರೆ. ಹೆಸರಘಟ್ಟದ ಹುಲ್ಲುಗಾವಲು ಅಂಥದೊಂದು ಜಾಗವಾಗಿತ್ತು, ಆದರೆ ಅಲ್ಲಿ ನೆಲದ ಮೇಲೆಯೇ ಗೂಡು ಕಟ್ಟುವ ಹಕ್ಕಿಗಳಿವೆ, ಹಕ್ಕಿ ನೋಡುವವರು ಬೇಡವೆಂದರು. ಅವರದೂ ನಿಜ. ಬೇರೆ ಹೊಲಗಳೆಲ್ಲ ಲೇಔಟ್ ಆಗುತ್ತಿವೆ.

ಆ ಭಾನುವಾರ ನಾವು ಗ್ರೌಂಡಿಗೆ ಹೋಗಲಿಲ್ಲ. ಅಂಕಲ್ ತಮ್ಮ ಅಟ್ಟದಿಂದ ಹಳೆಯ ಕಂಟ್ರೋಲ್ ಲೈನಿನ ಹಿಡಿ ತಂದು ತೋರಿಸಿದರು, ಚರ್ಮದ ಪಟ್ಟಿ ಒಣಗಿ ಬಿರುಕು ಬಿಟ್ಟಿತ್ತು. ಹುಡುಗ ಈಗ ಹೊಸದೊಂದು ಮಾಡುತ್ತಿದ್ದಾನೆ, ತೆಳು ಫೋಮಿನದು. ಮೊನ್ನೆ ಫೋನ್ ಮಾಡಿದ್ದ. 'ಮಾಮ, 262 ಗ್ರಾಂ ಆಗಿದೆ. ಇನ್ನು 12 ಗ್ರಾಂ ಇಳಿಸಿದ್ರೆ ಇನ್ಶೂರೆನ್ಸ್ ಬೇಡ.' ಇನ್ಶೂರೆನ್ಸ್ ಬೇಡ ಎಂದರೆ ಜಕ್ಕೂರಿನ ವಲಯ ಬದಲಾಗುವುದಿಲ್ಲ, ಅದಕ್ಕೆ ದಸರಾ ರಜೆಗೆ ಊರಿಗೇ ತೆಗೆದುಕೊಂಡು ಬಾ ಎಂದೆ. ನಕ್ಷೆಯಲ್ಲಿ ನಮ್ಮ ಕೆರೆಯಂಗಳ ಹಸಿರಾಗಿಯೇ ಇದೆ. ಕೆರೆಯ ಪೂರ್ವಕ್ಕೆ ಪಂಪ್‌ಸೆಟ್ಟಿನ ಕರೆಂಟ್ ಲೈನ್ ಹೋಗಿದೆ, ನಿಲ್ಲುವ ಗೆರೆಯನ್ನು ಪಶ್ಚಿಮದ ಕಡೆ ಹಾಕಬೇಕು.